ಎರಡೂ ಕೈಯಲ್ಲಿ ತೆಂಗಿನಕಾಯಿ

ಕಲ್ಲೂರು ಬಸ್ ನಿಲ್ದಾಣ

ಪರದೇಶಕ್ಕೆ ಹೋಗಿಬಂದವರು ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನನ್ನದು ಕಲ್ಲೂರಿನ ಬಸ್ ನಿಲ್ದಾಣದಿಂದಲೇ ಶುರುವಾಗಬೇಕು. ಇಲ್ಲದಿದ್ದರೆ ನಾನು ಹೋದದ್ದು ಯಾಕೆ ಅನ್ನುವುದೇ ತಿಳಿಯುವುದಿಲ್ಲ.

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ಖೋಖೋ, ಕಬಡ್ಡಿ, ಕೊರಳಲ್ಲೊಂದು ಸೀಟಿ. "ಸಾವಿತ್ರೀದು ಬಾಯಿ ಮುಂದ, ಕೈ ಅದಕ್ಕಿಂತ ಮುಂದ" ಎಂದು ನಮ್ಮವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ತಂಗಿ ಪ್ರಜ್ಞಾ ದೇವದುರ್ಗದ ಆಸ್ಪತ್ರೆಯಲ್ಲಿ ನರ್ಸ್. ಕೋಳಿ ಕೂಗುವ ಹೊತ್ತಿಗೆ ಮನೆ ಬಿಡುತ್ತಾಳೆ. ಹೀಗಾಗಿ ಅವಳ ಮಗಳು ಗೌತಮಿಯನ್ನು ದಿನಾ ಕಲ್ಲೂರಿನಿಂದ ರಾಯಚೂರಿನ ವಿಶೇಷ ಮಕ್ಕಳ ಶಾಲೆಗೆ ಬಸ್ಸಿನಲ್ಲಿ ಕರೆದೊಯ್ಯುವುದು ಅವ್ವನ ಪಾಲಿಗೆ ಬಂದಿತ್ತು.

ಗೌತಮಿಗೆ ಒಂಬತ್ತು ವರ್ಷ. ಅವಳಿಗೆ ಆಟಿಸಂ ಇದೆ. ಮಾತು ಕಡಿಮೆ, ನೋಟ ಜಾಸ್ತಿ. ನೆಲಕ್ಕೆ ಹಿಮ್ಮಡಿ ತಾಗಿಸದೆ ತುದಿಗಾಲಲ್ಲೇ ನಡೆಯುತ್ತಾಳೆ. ಸಪಾಟು ಅಂಗಳದಲ್ಲಿ ಅವಳನ್ನು ಹಿಡಿಯಲು ನನ್ನ ಖೋಖೋ ಹುಡುಗಿಯರಿಗೂ ಆಗದು. ಆದರೆ ಎತ್ತರದ ಮೆಟ್ಟಿಲು ಎದುರಾದರೆ ನಿಂತುಬಿಡುತ್ತಾಳೆ. ಯಾವ ಕಾಲು ಮೊದಲು, ಎಷ್ಟು ಎತ್ತಬೇಕು, ಮೈಭಾರ ಯಾವ ಕಡೆ ಹಾಕಬೇಕು ಅನ್ನುವುದೆಲ್ಲ ನಮಗೆ ಯೋಚಿಸದೆ ಬರುತ್ತದೆ. ಅವಳಿಗೆ ಪ್ರತಿಸಲವೂ ಅದು ಹೊಸ ಕೆಲಸ.

ಬಸ್ಸಿನ ಮೊದಲ ಮೆಟ್ಟಿಲಂತೂ ನನ್ನ ಮೊಣಕಾಲಿಗೆ ಬರುತ್ತದೆ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾದ ಮೇಲೆ ಬಸ್ಸು ಸದಾ ತುಂಬಿರುತ್ತದೆ. ನಮ್ಮ ಕಡೆಯವರಿಗೆ ಕೂಸೊಂದು ಬಾಗಿಲಲ್ಲಿ ನಿಂತದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಹಿಂದಿನಿಂದ ಯಾರೋ ಕಂಕುಳಿಗೆ ಕೈ ಹಾಕುತ್ತಾರೆ, ಮೇಲಿನಿಂದ ಕಂಡಕ್ಟರ್ ತೋಳು ಜಗ್ಗುತ್ತಾನೆ. ಗುರುತಿಲ್ಲದ ಕೈ ಮೈಗೆ ತಾಗಿದರೆ ಗೌತಮಿ ಚೀರುತ್ತಾಳೆ. ಅವಳು ಚೀರಿದಷ್ಟೂ ಪಾಪ ಎಂದು ಇನ್ನಷ್ಟು ಜನ ಎತ್ತಲು ಬರುತ್ತಾರೆ. ಹೀಗೆ ಮೂಟೆಯಂತೆ ಒಳಗೆ ಬಿದ್ದ ಕೂಸು ರಾಯಚೂರಿನ ತನಕ ಕಿವಿ ಮುಚ್ಚಿಕೊಂಡು ಅಳುತ್ತಿತ್ತು.

ಇದರ ನಡುವೆ ಅವ್ವನ ಮೊಣಕಾಲು ಸವೆದವು. ಭಾರ ಎತ್ತಕೂಡದು ಎಂದು ಡಾಕ್ಟರು ಹೇಳಿದರು. ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದ ದಿನ ಅವ್ವ ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದಳು: "ಇನ್ನ ನನ್ನಿಂದ ಆಗೂದಿಲ್ಲವ್ವಾ. ಜೂನ್‌ದಾಗ ಆಕಿ ತಾನ ಬಸ್ ಹತ್ತಿದ್ರ ಸಾಲಿ. ಇಲ್ಲಂದ್ರ ಮನಿ."

ಪ್ರಜ್ಞಾ ಒಳಗೆ ಹೋಗಿ ಮಗಳ ಶಾಲೆಯ ಬಟ್ಟೆಯನ್ನು ಮಡಚತೊಡಗಿದಳು.

ಅದೇ ವಾರ ರಾಯಚೂರಿನ ಆ ಶಾಲೆಯಿಂದ ಕರೆ ಬಂತು. ಶ್ರೀಲಂಕಾದಲ್ಲಿ ಅವರಿಗೆ ಪರಿಚಯದ ಒಂದು ಪುಟ್ಟ ಕೇಂದ್ರವಿದೆಯಂತೆ. ಆಟಿಸಂ ಇರುವ ಮಕ್ಕಳಿಗೆ ಅಲ್ಲಿ ವ್ಯಾಯಾಮ ಕಲಿಸುವ ಬಗೆಯನ್ನು ಒಬ್ಬ ಪಿ.ಟಿ. ಟೀಚರ್ ನೋಡಿಬರಬೇಕಂತೆ. ಕೇಳಿದವರಲ್ಲಿ ಪಾಸ್‌ಪೋರ್ಟ್ ಇದ್ದವಳು ನಾನೊಬ್ಬಳೇ. ನಮ್ಮದು ಬೌದ್ಧರ ಮನೆ. ಲುಂಬಿನಿಗೆ ಹೋಗಬೇಕೆಂದು ಹಟ ಹಿಡಿದು ಪಾಸ್‌ಪೋರ್ಟ್ ಮಾಡಿಸಿದ್ದೆ. ನೇಪಾಳಕ್ಕೆ ಅದು ಬೇಕಾಗಿಯೇ ಇರಲಿಲ್ಲ ಎಂದು ಗಡಿಯಲ್ಲಿ ಗೊತ್ತಾಗಿ, ಜೊತೆಗಿದ್ದವರೆಲ್ಲ ನಕ್ಕಿದ್ದರು. ಈಗ ನಗುವ ಸರದಿ ನನ್ನದು.

ಕೊಲಂಬೊ

ಊರಿಂದ ಬೆಂಗಳೂರು ಮುಟ್ಟಲು ಇಡೀ ರಾತ್ರಿ ಬೇಕಾಯಿತು. ಬೆಂಗಳೂರಿನಿಂದ ಕೊಲಂಬೊಗೆ ಒಂದು ನಿದ್ದೆಯೂ ಪೂರಾ ಆಗಲಿಲ್ಲ. ಪರದೇಶ ಇಷ್ಟು ಹತ್ತಿರವಿದ್ದು ರಾಜಧಾನಿ ಅಷ್ಟು ದೂರವಿರುವುದು ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ ಬಿಡಿ.

ಇಳಿದ ಕೂಡಲೇ ಹಣ್ಣು ಮಾರುವ ಹುಡುಗಿಯೊಬ್ಬಳು "ಅಕ್ಕಾ" ಎಂದು ಕರೆದಳು. ನಮ್ಮೂರಿನವರು ಯಾರೋ ಸಿಕ್ಕರು ಎಂದು ತಿರುಗಿ "ಏನವ್ವಾ?" ಅಂದೆ. ಅವಳು ಕಣ್ಣರಳಿಸಿದಳು. ಸಿಂಹಳದಲ್ಲೂ ಅಕ್ಕ ಅಕ್ಕನೇ, ಅಮ್ಮ ಅಮ್ಮನೇ. ಅದರಾಚೆ ನಮ್ಮಿಬ್ಬರ ಭಾಷೆ ಮುಗಿಯಿತು. ಬಾಳೆಹಣ್ಣು ಮಾತ್ರ ಸಿಕ್ಕಿತು.

ಕುರುಣೇಗಲ ಎಂಬ ಊರಿಗೆ ಬಸ್ಸು ಹಿಡಿಯಬೇಕಿತ್ತು. ಅಲ್ಲಿಯ ಬಸ್ಸುಗಳು ನಿಲ್ಲುವುದಿಲ್ಲ, ನಿಂತ ಹಾಗೆ ಮಾಡುತ್ತವೆ. ಜನ ಅದರ ಜೊತೆಗೆ ಎರಡು ಹೆಜ್ಜೆ ಓಡಿ ಒಳಗೆ ಸೇರುತ್ತಾರೆ. ನಾನು ಸೀರೆಯ ನೆರಿಗೆ ಹಿಡಿದುಕೊಂಡು ಮೆಟ್ಟಿಲು ನೋಡುತ್ತ ನಿಂತೆ. ಅಷ್ಟರಲ್ಲಿ ಕಂಡಕ್ಟರ್ ನನ್ನ ತೋಳಿಗೆ ಕೈ ಹಾಕಿದ, ಹಿಂದಿನಿಂದ ಒಬ್ಬ ಅಜ್ಜಿ ಬೆನ್ನಿಗೆ ಎರಡೂ ಅಂಗೈ ಕೊಟ್ಟಳು. "ಏ, ಬಿಡ್ರಿ! ಹತ್ತಾಕತ್ತೀನಿ, ಬಿಡ್ರಿ!" ಎಂದು ಅಪ್ಪಟ ಕಲ್ಲೂರಿನ ಕನ್ನಡದಲ್ಲಿ ಚೀರಿದೆ. ಚೀರಿದ್ದಕ್ಕೆ ಮೂರನೆಯವನೊಬ್ಬ ಬಂದು ನನ್ನ ಚೀಲದ ಜೊತೆಗೆ ನನ್ನನ್ನೂ ಒಳಗೆಳೆದ.

ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡೆ. ಆ ಅಜ್ಜಿ ಪಕ್ಕದಲ್ಲೇ ಕೂತು, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ನನ್ನ ತೊಡೆ ತಟ್ಟಿ ನಕ್ಕಳು. ನಾನೂ ನಕ್ಕೆ. ಆದರೆ ಗೌತಮಿ ನೆನಪಾಗಿ ಆ ನಗು ಬಹಳ ದೂರ ಹೋಗಲಿಲ್ಲ.

ಕುರುಣೇಗಲ: ತೋಟದ ಬೆಳಗು

ಕುರುಣೇಗಲದ ನೆತ್ತಿಯ ಮೇಲೆ ದೊಡ್ಡ ಕರಿಬಂಡೆಯ ಬೆಟ್ಟ, ಅದರ ಮೇಲೆ ಬಿಳಿಯ ಬುದ್ಧ. ಬಂಡೆ ಕಂಡು ನನಗೆ ರಾಯಚೂರಿಗೇ ಬಂದಷ್ಟು ಖುಷಿಯಾಯಿತು. ಆದರೆ ನಮ್ಮ ಬಂಡೆಗಳ ಬುಡದಲ್ಲಿ ಬಿಸಿಲು, ಇವರ ಬಂಡೆಯ ಬುಡದಲ್ಲಿ ಎತ್ತ ನೋಡಿದರೂ ತೆಂಗು.

ಕೇಂದ್ರ ನಡೆಸುವವರು ನಿಲ್ಮಿನಿ ಎಂಬ ಫಿಸಿಯೋಥೆರಪಿಸ್ಟ್. ನನ್ನ ವಯಸ್ಸಿನವರೇ. ನಾವಿಬ್ಬರೂ ಅರೆಬರೆ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವರ ಮನೆಯ ಹಿಂದಿನ ತೆಂಗಿನ ತೋಟವೇ ಕೇಂದ್ರ. ಹಾಲಿಲ್ಲದ ಕರಿ ಚಹಾ ಕೊಟ್ಟು, ಜೊತೆಗೆ ಒಂದು ಚೂರು ಬೆಲ್ಲ ಇಟ್ಟರು. ನಾನು ಬೆಲ್ಲವನ್ನು ಚಹಾದೊಳಗೆ ಹಾಕಿ ಚಮಚಕ್ಕಾಗಿ ಹುಡುಕಿದೆ. ಮನೆಮಂದಿಯೆಲ್ಲ ನಕ್ಕರು. ಬೆಲ್ಲ ಕಚ್ಚಬೇಕು, ಚಹಾ ಗುಟುಕರಿಸಬೇಕು. ಎರಡೂ ಕೂಡುವುದು ಬಾಯೊಳಗೇ.

ತೋಟಕ್ಕೆ ಹೋದರೆ ನನಗೆ ಇನ್ನೊಂದು ವಿಚಿತ್ರ ಕಾದಿತ್ತು. ಮಕ್ಕಳ ತಾಯಂದಿರು, ಒಬ್ಬ ಅಜ್ಜ, ಇಬ್ಬರು ಟೀಚರುಗಳು ಸಾಲಾಗಿ ನಿಂತಿದ್ದಾರೆ. ಎಲ್ಲರೂ ಎರಡೂ ಕೈ ಸೇರಿಸಿ ಒಂದೊಂದು ತೆಂಗಿನಕಾಯಿ ಹಿಡಿದಿದ್ದಾರೆ. ಪೂಜೆಯೋ ಏನೋ ಎಂದು ನಾನು ಚಪ್ಪಲಿ ಬಿಟ್ಟೆ. ನಿಲ್ಮಿನಿ ನನ್ನ ಕೈಗೂ ಒಂದು ಕಾಯಿ ಕೊಟ್ಟು, "ಚಪ್ಪಲಿ ಹಾಕಿಕೊಳ್ಳಿ ಟೀಚರ್, ಕಾಯಿ ಕಾಲಿನ ಮೇಲೆ ಬಿದ್ದೀತು" ಅಂದರು.

ಮಕ್ಕಳ ಕೆಲಸ ಆಗಲೇ ಶುರುವಾಗಿತ್ತು. ದಿನಾ ಅದೇ ಕ್ರಮ: ಮೊದಲು ಈ ಮರದ ಬುಡದ ಕಾಯಿಗಳನ್ನು ಆ ಮರದ ಬುಡಕ್ಕೆ ಹೊರುವುದು, ಆಮೇಲೆ ಟೈರುಗಳಲ್ಲಿ ಹೆಜ್ಜೆ ಹಾಕುವುದು, ಆಮೇಲೆ ಇಟ್ಟಿಗೆಗಳ ಮೇಲಿಟ್ಟ ಹಲಗೆಯನ್ನು ದಾಟುವುದು. ಮುಂದೇನು ಎಂಬುದು ಗೊತ್ತಿದ್ದರೆ ಈ ಮಕ್ಕಳಿಗೆ ನಿರಾಳವಂತೆ. ಕಾಯಿ ಹೊರಿಸುವುದು ಯಾಕೆ ಎಂದು ಕೇಳಿದೆ. "ಅವರ ಪಾದ ನೋಡಿ" ಅಂದರು. ಬರಿಗೈಯಲ್ಲಿ ತುದಿಗಾಲಲ್ಲಿ ಕುಣಿಯುತ್ತಿದ್ದ ಒಬ್ಬ ಹುಡುಗ, ಎದೆಗೆ ಕಾಯಿ ಅವಚಿಕೊಂಡ ಮೇಲೆ ಹಿಮ್ಮಡಿ ಊರಿ ನಡೆಯುತ್ತಿದ್ದ. ಭಾರ ಹೊತ್ತಾಗ ಮೈ ಎಲ್ಲಿದೆ ಎಂಬ ಅಂದಾಜು ಅವನಿಗೆ ಸಿಗುತ್ತದಂತೆ. ಎಲ್ಲ ಮಕ್ಕಳಿಗೂ ಹೀಗೆಯೇ ಆಗುತ್ತದೆ ಎಂದೇನಿಲ್ಲ, ನೋಡಿ ನೋಡಿ ಕಲಿಯಬೇಕು ಎಂದೂ ಅವರು ಸೇರಿಸಿದರು.

ಆ ಹುಡುಗನ ಹೆಸರು ಕವಿಂದು. ಹಲಗೆ ಹತ್ತಿ, ನಡುವೆ ಬಂದು ನಿಂತುಬಿಟ್ಟ. ಹಲಗೆ ನೆಲದಿಂದ ಗೇಣೆತ್ತರವೂ ಇರಲಿಲ್ಲ. ಅವನು ಒಂದು ಕಾಲು ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ಸಾಲಿನಲ್ಲಿ ಯಾರೂ ಅಲುಗಾಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಕಾಯಿ ಬಿಟ್ಟು ಓಡಿಹೋಗಿ ಕಂಕುಳಿಗೆ ಕೈ ಹಾಕಿ ಆ ತುದಿಗೆ ದಾಟಿಸಿಬಿಟ್ಟೆ.

ಕವಿಂದು ನೆಲಕ್ಕೆ ಬಿದ್ದು ಕೂಗತೊಡಗಿದ. ನಾನು ಬಿಟ್ಟ ಕಾಯಿ ಉರುಳಿ ಅಜ್ಜನ ಹೆಬ್ಬೆರಳಿಗೆ ತಾಗಿ ಅವರೂ ಕೂಗಿದರು. ಆ ಬೆಳಗಿನ ವ್ಯಾಯಾಮ ಅಲ್ಲಿಗೆ ಮುಗಿಯಿತು.

"ಟೀಚರ್, ನೀವು ದಾಟಿಸಿದಿರಿ" ಎಂದು ನಿಲ್ಮಿನಿ ಬೇಸರವಿಲ್ಲದೆ ಹೇಳಿದರು. "ಅವನು ದಾಟಲಿಲ್ಲ."

ಆಮೇಲೆ ಕಾಯಿಯ ಕಥೆ ಹೇಳಿದರು. ಮೊದಮೊದಲು ದೊಡ್ಡವರಿಗೆ ಸುಮ್ಮನಿರಿ ಅನ್ನುತ್ತಿದ್ದರಂತೆ, ಯಾರೂ ಕೇಳಲಿಲ್ಲ. ಕೈ ಕಟ್ಟಿಕೊಳ್ಳಿ ಅಂದರಂತೆ, ಕಟ್ಟಿದ ಕೈ ತಾನಾಗಿ ಬಿಚ್ಚಿಕೊಂಡಿತು. ಕೊನೆಗೆ ತೋಟದಲ್ಲಿ ಬೇಕಾದಷ್ಟು ಬಿದ್ದಿದ್ದ ಕಾಯಿಗಳನ್ನೇ ಕೈಗೆ ಕೊಟ್ಟರು. ಮಗು ಬೀಳುವ ಹಾಗಾದರೆ ಹಿಡಿಯಲು ಒಬ್ಬರು ಮಾತ್ರ ಬರಿಗೈಯಲ್ಲಿ ಹಿಂದೆ ನಿಲ್ಲಬೇಕು. ಅವರೂ ಬೀಳುವ ತನಕ ಮುಟ್ಟಬಾರದು. "ನಿಮ್ಮಂಥ ಅವಸರದವರಿಗೆ ಬೇರೆ ಕಾಯಿ ಇದೆ" ಎಂದು ಮರುದಿನ ನನಗೆ ಸಿಪ್ಪೆ ಸುಲಿಯದ ದೊಡ್ಡ ಕಾಯಿ ಕೊಟ್ಟರು. ಎತ್ತಿಕೊಂಡು ನಿಲ್ಲುವುದೇ ಒಂದು ಕಸರತ್ತಾಗಿತ್ತು.

ಕುರುಣೇಗಲ: ಹೊಸ ವರ್ಷದ ಆಟ

ನಮ್ಮ ಯುಗಾದಿ ಮುಗಿದ ಮೇಲೆ ಅವರ ಹೊಸ ವರ್ಷ ಬರುತ್ತದೆ. ಹೋಳಿಯಲ್ಲಿ ನಮ್ಮ ಹುಡುಗರಿಗೆ ಬರುವ ಹುರುಪು ಅಲ್ಲಿ ಮುದುಕರಿಗೂ ಬಂದಿತ್ತು. ಅಡ್ಡ ಕಟ್ಟಿದ ಕಂಬದ ಮೇಲೆ ಕುದುರೆ ಏರಿದಂತೆ ಕೂತು ಇಬ್ಬರು ದಿಂಬಿನಿಂದ ಬಡಿದಾಡುತ್ತಾರೆ, ಬಿದ್ದವನು ಸೋತ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆನೆಯ ಚಿತ್ರಕ್ಕೆ ಕಣ್ಣು ಇಡುತ್ತಾರೆ. ಬ್ಯಾಂಕ್ ಮ್ಯಾನೇಜರರೊಬ್ಬರು ಆನೆಯ ಬಾಲಕ್ಕೆ ಕಣ್ಣಿಟ್ಟು ಗಂಭೀರವಾಗಿ ಬಹುಮಾನಕ್ಕೆ ಕಾಯುತ್ತಿದ್ದರು.

ನಿಲ್ಮಿನಿಯ ತೋಟದಲ್ಲೂ ಮಕ್ಕಳಿಗೆ ಇವೇ ಆಟಗಳು, ಆದರೆ ಸೋಲು ಗೆಲುವಿಲ್ಲ. ಕಂಬ ಮೊಣಕಾಲೆತ್ತರಕ್ಕೆ ಇಳಿದಿತ್ತು, ಕೆಳಗೆ ಹಾಸಿಗೆ ಬಂದಿತ್ತು. ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಒಬ್ಬೊಬ್ಬರೇ, ಬೇಕಾದಷ್ಟು ಹೊತ್ತು ತೆಗೆದುಕೊಂಡು ನಡೆಯುವುದು. ನಾನು ಅಭ್ಯಾಸಬಲದಿಂದ ಸೀಟಿ ಊದಿದೆ. ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಕೂತರು. ಒಬ್ಬ ಹುಡುಗಿ ಹಲಸಿನ ಮರದ ಹಿಂದೆ ಅಡಗಿದಳು. ಅವಳನ್ನು ಕರೆತಂದದ್ದು ನಾನು ಮನೆಯಿಂದ ಒಯ್ದಿದ್ದ ಖಡಕ್ ರೊಟ್ಟಿ. ಅದನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಅದರ ಸದ್ದು ಕೇಳಿ, ಮತ್ತೊಂದು ರೊಟ್ಟಿಗೆ ಕೈ ಚಾಚಿದಳು. ಒಂದು ಸದ್ದಿಗೆ ಓಡಿದ ಕೂಸನ್ನು ಇನ್ನೊಂದು ಸದ್ದು ಕರೆದುತಂದದ್ದು ನನಗೆ ಬಹಳ ಹೊತ್ತು ಸೋಜಿಗವಾಗಿತ್ತು. ಸೀಟಿಯನ್ನು ಚೀಲದ ತಳಕ್ಕೆ ಹಾಕಿದೆ.

ಹೊರಡುವ ಮುಂಚಿನ ದಿನ ನನ್ನನ್ನು ಬರಿಗೈಯ ಜಾಗಕ್ಕೆ ಹಾಕಿದರು. ಹಲಗೆಯ ಮೇಲೆ ಮತ್ತೆ ಕವಿಂದು. ನಡುವೆ ಬಂದು ಹಳೆಯ ಜಾಗದಲ್ಲೇ ನಿಂತ. ಸಾಲಿನಲ್ಲಿದ್ದ ಅವನ ತಾಯಿ ಕಾಯಿಯನ್ನು ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದಳು. "ಹೆಮಿನ್, ಹೆಮಿನ್" ಎಂದು ಅಜ್ಜ ಮೆಲ್ಲಗೆ ಅಂದರು. ನಿಧಾನ, ನಿಧಾನ ಎಂದರ್ಥ. ಅವರು ಕವಿಂದುವನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಇಷ್ಟು ವರ್ಷ ಎಷ್ಟೋ ಮಕ್ಕಳನ್ನು ಓಡಿಸಿದ್ದೇನೆ, ನೆಗೆಸಿದ್ದೇನೆ. ಆದರೆ ಒಂದು ಮಗು ಕಾಲೆತ್ತುವುದನ್ನು ಕಾಯುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ. ಕಾಗೆಗಳು ಕೂಗಿದವು, ಯಾರದೋ ಮನೆಯ ಕುಕ್ಕರ್ ಕೂಗಿತು. ಕವಿಂದು ಹಲಗೆಯ ತುದಿಯ ಒಂದು ಗಂಟನ್ನು ದಿಟ್ಟಿಸಿದ. ಆಮೇಲೆ ಏನೂ ಆಗಿಲ್ಲವೆಂಬಂತೆ ನಡೆದು ಆ ತುದಿಯಲ್ಲಿ ಇಳಿದು ಕಾಯಿಯ ರಾಶಿಯ ಕಡೆಗೆ ಹೋದ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೈ ಖಾಲಿ ಇರಲಿಲ್ಲವಲ್ಲ. ಕೈ ಖಾಲಿ ಇದ್ದವಳು ನಾನೊಬ್ಬಳೇ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮತ್ತೆ ಕಲ್ಲೂರು

ನಿಲ್ಮಿನಿ ಬೀಳ್ಕೊಡುವಾಗ ಕೊಟ್ಟ ಕಾಯಿಯನ್ನು ವಿಮಾನ ನಿಲ್ದಾಣದ ತಪಾಸಣೆಯವರು ತೆಗೆದಿಟ್ಟುಕೊಂಡರು. ಯಾಕೆ ಒಯ್ಯುತ್ತೀರಿ ಎಂದು ಕೇಳಿದಾಗ "ಸುಮ್ಮನೆ ಹಿಡಿದುಕೊಂಡು ನಿಲ್ಲಲು" ಎಂದದ್ದು ಅವರಿಗೆ ಅಷ್ಟು ಹಿಡಿಸಲಿಲ್ಲ. ರಾಯಚೂರಿಗೆ ಬಂದು ಮಾರುಕಟ್ಟೆಯಲ್ಲಿ ಒಂದು ಚೀಲ ಕಾಯಿ ಕೊಂಡೆ.

"ಅಷ್ಟ ದೂರ ಹೋಗಿ ಏನ್ ಕಲತು ಬಂದಿ?" ಎಂದು ಅವ್ವ ಕೇಳಿದಳು.

"ಸುಮ್ಮ ನಿಂದ್ರೂದು."

"ಅದಕ್ಕ ವಿಮಾನ ಬೇಕಾಗಿತ್ತೇನವ್ವಾ? ನಿಮ್ಮಪ್ಪ ಜಲಮೆಲ್ಲಾ ಅದನ್ನ ಮಾಡಿದ."

ಆದರೂ ಕಾಯಿ ಹಿಡಿದಳು. ಅಂಗಳದ ಬೇವಿನ ಮರದ ಪಕ್ಕ ಶಹಾಬಾದ್ ಕಲ್ಲಿನ ಎರಡು ಹಾಸು ಒಂದರ ಮೇಲೊಂದು ಇಟ್ಟೆ. ಬಿಸಿಲು ಏರುವ ಮೊದಲೇ ಕೆಲಸ. ಗೌತಮಿ ಕಟ್ಟೆಯಿಂದ ಬೇವಿನ ಮರದ ತನಕ ಕಾಯಿ ಹೊರಬೇಕು, ಆಮೇಲೆ ಕಲ್ಲು ಹತ್ತಿ ಇಳಿಯಬೇಕು. ಅವ್ವ, ರಜೆ ಇದ್ದ ದಿನ ಪ್ರಜ್ಞಾ ಕೂಡ, ಕಾಯಿ ಹಿಡಿದು ನಿಲ್ಲಬೇಕು. ನಾನು ಬರಿಗೈ. ಸಾಧಿಸಿದಳು ಅನಿಸಿದಾಗ ಇನ್ನೊಂದು ಹಾಸು ಕಲ್ಲು ಸೇರಿಸುತ್ತಿದ್ದೆ.

ಪಕ್ಕದ ಮನೆಯ ಹನುಮಕ್ಕ ಗೋಡೆಯ ಮೇಲಿಂದ ಇಣುಕಿದಳು. ನಮ್ಮ ಮನೆಯಲ್ಲಿ ಕಾಯಿ ಒಡೆಯುವುದನ್ನು ನಮ್ಮಪ್ಪನ ಕಾಲಕ್ಕೇ ಬಿಟ್ಟದ್ದು ಊರಿಗೆ ಗೊತ್ತು.

"ಏನವ್ವಾ, ಮತ್ತ ದೇವರ ಕಡಿ ಹೊಳ್ಳಿದ್ರೇನು? ಮುಂಜಾನೆದ್ದು ಮನಿಮಂದಿಯೆಲ್ಲಾ ಕಾಯಿ ಹಿಡಕೊಂಡು ನಿಂತೀರಿ?"

"ದೇವರೂ ಇಲ್ಲ, ದಿಂಡರೂ ಇಲ್ಲ" ಅಂದಳು ಅವ್ವ. "ಮಮ್ಮಗಳು ಕಲ್ಲ ಹತ್ತಾಕತ್ತಾಳ. ನಾವು ನಮ್ಮ ಕೈ ಹಿಡಕೊಂಡು ನಿಂತೀವಿ."

ಕಲ್ಲು ಏರುತ್ತ ಹೋಯಿತು, ಆದರೆ ನೆಟ್ಟಗಲ್ಲ. ಒಂದು ದಿನ ಹತ್ತಿದವಳು ಮರುದಿನ ನಿಂತೇ ಇರುತ್ತಿದ್ದಳು. ನಡುವೆ ಜ್ವರ ಬಂದು ಮತ್ತೆ ಎರಡೇ ಹಾಸು ಕಲ್ಲಿಗೆ ಇಳಿದೆವು. ಪ್ರಜ್ಞಾ ಒಮ್ಮೆ ಕಾಯಿ ಕೆಳಗಿಟ್ಟು, "ಅಕ್ಕಾ, ಆಗೂದಿಲ್ಲೇನ?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದೆ. ಕೊನೆಗೆ ಕಲ್ಲು ಬಸ್ಸಿನ ಮೆಟ್ಟಿಲಿನಷ್ಟು ಎತ್ತರವಾಯಿತು. ಗೌತಮಿ ಒಂದು ಕೈ ಬೇವಿನ ಮರಕ್ಕೆ ಕೊಟ್ಟು ಹತ್ತಿದಳು.

ಬಸ್ಸು ಮಾತ್ರ ಬೇರೆಯೇ. ಗುಡುಗುಡು ಅನ್ನುವ ಎಂಜಿನ್ನಿನ ಮುಂದೆ ಅವಳು ಮತ್ತೆ ನಿಂತಳು. ಆಗ ನೆನಪಾದದ್ದು ವಸತಿ ಬಸ್ಸು: ರಾತ್ರಿ ನಮ್ಮೂರಲ್ಲೇ ಉಳಿದು ಬೆಳಿಗ್ಗೆ ರಾಯಚೂರಿಗೆ ಹೋಗುತ್ತದೆ. ಅದರ ಕಂಡಕ್ಟರನಿಗೆ ಹೇಳಿಕೊಂಡೆವು. ಅವನು ಹಲ್ಲುಜ್ಜುತ್ತಲೇ ಕೇಳಿಸಿಕೊಂಡು, "ಬಸ್ ನಿಂತಾಗ ಬರ್ರಿ, ಯಾರ್ ಬ್ಯಾಡ ಅಂತಾರ?" ಅಂದ. ಎಂಜಿನ್ ಬಂದ್ ಆಗಿದ್ದ ಆ ಬಸ್ಸಿನಲ್ಲಿ ಗೌತಮಿ ಬೆಳಿಗ್ಗೆ ಬೆಳಿಗ್ಗೆ ಹತ್ತುವುದು ಇಳಿಯುವುದು ಮಾಡಿದಳು. ಅವಳು ಕಂಬಿ ಹಿಡಿಯಲು ಕಲಿತದ್ದು ಅಲ್ಲೇ. ಕಂಡಕ್ಟರನ ಕೈಯಲ್ಲೂ ಒಂದು ಕಾಯಿ ಇರುತ್ತಿತ್ತು.

ಜೂನ್

ಶಾಲೆ ಶುರುವಾದ ದಿನ ಅದೇ ಬಸ್ಸು, ಆದರೆ ತುಂಬಿತ್ತು, ಎಂಜಿನ್ ಗುಡುಗುತ್ತಿತ್ತು. ಅವ್ವ ಕಾಯಿ ಹಿಡಿದಿದ್ದಳು. ನಾನು ಬರಿಗೈಯಲ್ಲಿ ಹಿಂದೆ ನಿಂತೆ. ಗೌತಮಿ ಮೆಟ್ಟಿಲ ಮುಂದೆ ನಿಂತುಬಿಟ್ಟಳು. ಬಾಗಿಲಲ್ಲಿದ್ದ ಹೆಂಗಸೊಬ್ಬಳು "ಅಯ್ಯ ಪಾಪ" ಎಂದು ಬಗ್ಗಿದಳು.

"ಯಕ್ಕಾ, ಮುಟ್ಟಬ್ಯಾಡ್ರಿ!" ಎಂದು ಕಂಡಕ್ಟರ್ ಒಳಗಿನಿಂದ ಕೂಗಿದ. "ಆಕಿ ತಾನ ಹತ್ತತಾಳ. ಎಲ್ಲಾರೂ ನಿಮ್ಮ ನಿಮ್ಮ ಚೀಲ ಹಿಡಕೊಂಡು ಕುಂದರ್ರಿ."

ಹಾರ್ನ್ ಹೊಡೆಯಲು ಹೋದ ಡ್ರೈವರನೂ ಕೈ ತೆಗೆದ. ಗೌತಮಿ ಕಂಬಿಯನ್ನು ನೋಡಿದಳು, ಹಿಡಿದಳು. ಒಂದು ಕಾಲು ಎತ್ತಿದಳು, ಇಳಿಸಿದಳು. ನನ್ನ ಎರಡೂ ಕೈ ಗಾಳಿಯಲ್ಲಿದ್ದವು. ಮತ್ತೆ ಕಾಲೆತ್ತಿ ಮೆಟ್ಟಿಲ ಮೇಲೆ ಹಿಮ್ಮಡಿ ಊರಿದಳು, ಮೇಲೇರಿದಳು. ಚೀರಲಿಲ್ಲ. ಒಳಗೆ ನಿಂತು ತಿರುಗಿ ನಮ್ಮನ್ನು ನೋಡಿದಳು.

ಈಗ ಅವ್ವ ಹತ್ತಬೇಕಿತ್ತು. ಕೈಯಲ್ಲಿ ಕಾಯಿ ಇಟ್ಟುಕೊಂಡು ಕಂಬಿ ಹಿಡಿಯುವುದು ಹೇಗೆ? ಅವಳು ಕಾಯಿಯನ್ನು ಮೇಲಕ್ಕೆ ಚಾಚಿದಳು, ಗೌತಮಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವ್ವ ಕಂಬಿ ಹಿಡಿದು ಒಂದು ಕಾಲಿಟ್ಟು, ಮೊಣಕಾಲು ಹಿಡಿದು "ಯವ್ವಾ" ಎಂದು ನಿಂತಳು. ಕಂಡಕ್ಟರ್ ತಡೆಯಲಾರದೆ ಅವಳ ತೋಳಿಗೆ ಕೈ ಚಾಚಿದ.

ಗೌತಮಿ ಆ ಕಾಯಿಯನ್ನು ಅವನ ಕೈಯಲ್ಲಿ ಇಟ್ಟುಬಿಟ್ಟಳು.

ಅವನು ಕಾಯಿ ನೋಡಿದ, ಕೂಸನ್ನು ನೋಡಿದ. ಆಮೇಲೆ ಎರಡೂ ಕೈಯಲ್ಲಿ ಅದನ್ನು ಹಿಡಿದು ನೆಟ್ಟಗೆ ನಿಂತ. ಇಡೀ ಬಸ್ಸು ಚೀಲ ಹಿಡಿದುಕೊಂಡು ಸುಮ್ಮನಿತ್ತು. ಅವ್ವ ಉಸಿರು ತೆಗೆದುಕೊಂಡಳು, ಇನ್ನೊಂದು ಕಾಲು ಮೇಲೆ ತಂದಳು, ಮತ್ತೆ ಉಸಿರು ತೆಗೆದುಕೊಂಡು ಒಳಗೆ ಹೋದಳು.

"ಹತ್ತಾಕ ಇಷ್ಟ ಹೊತ್ತು ಮೊದಲ ನನಗ ಯಾರ ಕೊಟ್ಟಿದ್ರು?" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೊಟ್ಟಿದ್ರ ನಾನೂ ಒಬ್ಬಾಕಿನ ಹತ್ತತಿದ್ದೆ."

ಗೌತಮಿ ಆಗಲೇ ಕಿಟಕಿಯ ಪಕ್ಕ ಕೂತಿದ್ದಳು. ಅವ್ವ ಅವಳ ಪಕ್ಕ ಕೂತ ಮೇಲೆ ಕಂಡಕ್ಟರ್, ಕೈಯಲ್ಲಿ ಕಾಯಿ ಹಿಡಿದುಕೊಂಡೇ, "ರೈಟ್" ಅಂದ.